ದೋಣಿಯ ಡೀಸೆಲ್ ಇಂಜಿನ್ ಎಳೀತಾ ಇಲ್ವಾ? ಪಂಪ್ ಬಿಚ್ಚುವ ಮುಂಚೆ ನೋಡಬೇಕಾದ್ದು

ಇಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಐಡಲ್‌ನಲ್ಲಿ ಸದ್ದೂ ಸರಿಯಿದೆ. ದಡ ಬಿಟ್ಟು ಪೂರ್ತಿ ರೇಸ್ ಕೊಟ್ಟಾಗ ಮಾತ್ರ ಬಣ್ಣ ಬಯಲಾಗುತ್ತದೆ. ಮುಂಚಿನ ವೇಗ ಇಲ್ಲ, ಹಿಂದೆ ಹೊಗೆ, ಲಿವರ್ ಇನ್ನೂ ತಳ್ಳಿದರೂ ಅಷ್ಟೇ.

ಮೈಸೂರು, ಮಂಡ್ಯದ ಕಡೆ ಇಂಥ ಹೊತ್ತಿನಲ್ಲಿ ಕರೆಯುವುದು ಪಂಪ್‌ಸೆಟ್ ಮೆಕ್ಯಾನಿಕ್‌ನನ್ನು. ತಪ್ಪೇನಿಲ್ಲ. ನಾಲೆ ಬದಿಯ ಪಂಪ್‌ಸೆಟ್, ಆಲೆಮನೆಯ ಗಾಣ, ಇವುಗಳ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಿ ಪಳಗಿದ ಕೈ ಅದು. ಆದರೆ ಆ ಕೈ ನೇರವಾಗಿ ಹೋಗುವುದು ಸಿಲಿಂಡರ್ ಒಳಗೆ ಡೀಸೆಲ್ ಸಿಡಿಸುವ ನಾಜಲ್‌ಗೆ, ಆಮೇಲೆ ಆ ನಾಜಲ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್‌ಗೆ. ಪಂಪ್‌ಸೆಟ್‌ನಲ್ಲಿ ಅದಕ್ಕೊಂದು ಅರ್ಥ ಇದೆ, ಯಾಕಂದರೆ ಅಲ್ಲಿ ಲೋಡ್ ಹೆಚ್ಚು ಕಮ್ಮಿ ದಿನವೂ ಒಂದೇ. ಎಳೆಯಲಿಲ್ಲ ಅಂದರೆ ಇಂಜಿನ್ ಮೇಲೆ ಅನುಮಾನ ಬರುವುದು ಸಹಜ. ದೋಣಿಯ ಲೋಡ್ ನೀರಿನೊಳಗೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ದೋಣಿಯಲ್ಲಿ ಹುಡುಕಾಟ ಪ್ರೊಪೆಲರ್‌ನಿಂದ ಶುರುವಾಗಿ, ಟ್ಯಾಂಕ್, ಗಾಳಿ, ಸೈಲೆನ್ಸರ್ ಮುಗಿಸಿ, ಕೊನೆಗೆ ಇಂಜಿನ್ ಒಳಗೆ ಹೋಗಬೇಕು. ದುಡ್ಡು ಖರ್ಚಾಗದ ಪರೀಕ್ಷೆಗಳೆಲ್ಲ ಮೊದಲು.

ಇಲ್ಲಿ ಹೇಳುತ್ತಿರುವುದು ದೋಣಿಯ ಒಳಗೆ ಕೂರಿಸಿದ ಡೀಸೆಲ್ ಇಂಜಿನ್‌ಗಳ ವಿಷಯ. ಹಿಂದೆ ನೇತುಹಾಕುವ ಪೆಟ್ರೋಲ್ ಮೋಟಾರಿನ ಕಥೆ ಬೇರೆ.

ಬೇಕಾದ ಸಾಮಾನು

ಸ್ಪ್ಯಾನರ್ ಸೆಟ್ ಇದ್ದೇ ಇರುತ್ತದೆ. ಅದರ ಜೊತೆ ಮೂರು ವಸ್ತು ಇಟ್ಟುಕೊಳ್ಳಿ: ಸ್ಟಿಕ್ಕರ್ ಅಂಟಿಸಿ ಆರ್‌ಪಿಎಂ ಅಳೆಯುವ ಕೈ ಟ್ಯಾಕೋಮೀಟರ್, ಎರಡು ಮೀಟರ್ ಪಾರದರ್ಶಕ ಡೀಸೆಲ್ ಪೈಪು, ಐದು ಲೀಟರಿನ ಶುಭ್ರವಾದ ಕ್ಯಾನ್. ಟ್ಯಾಕೋಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕಿವಿಯ ಲೆಕ್ಕದಲ್ಲಿ ಇನ್ನೂರು ಮುನ್ನೂರು ಸುತ್ತು ಆಚೀಚೆ ಆದರೆ ಗೊತ್ತಾಗುವುದಿಲ್ಲ, ಇಲ್ಲಿ ಆಟ ಇರುವುದೇ ಆ ಇನ್ನೂರು ಮುನ್ನೂರರಲ್ಲಿ.

ಮೊದಲು ಆರ್‌ಪಿಎಂ, ಆಮೇಲೆ ಹೊಗೆ

ಇಂಜಿನ್ ಮೇಲಿನ ಪ್ಲೇಟ್ ಒರೆಸಿ ಓದಿ. ಎಷ್ಟು ಎಚ್‌ಪಿ, ಎಷ್ಟು ಆರ್‌ಪಿಎಂ ಎಂದು ಬರೆದಿರುತ್ತದೆ. ಆ ಆರ್‌ಪಿಎಂ ನಿಮ್ಮ ಗುರಿ.

ಮೊದಲು ನ್ಯೂಟ್ರಲ್‌ನಲ್ಲಿ ಪೂರ್ತಿ ರೇಸ್ ಕೊಟ್ಟು ಅಳೆಯಿರಿ. ಗವರ್ನರ್ (ಇಂಜಿನ್ ಸುತ್ತು ಮಿತಿ ಮೀರದಂತೆ ಹಿಡಿದಿಡುವ ಭಾಗ) ಸರಿಯಿದ್ದರೆ ಪ್ಲೇಟ್‌ನ ಸಂಖ್ಯೆಗಿಂತ ಸ್ವಲ್ಪ ಮೇಲೆಯೇ ಹೋಗಿ ನಿಲ್ಲುತ್ತದೆ. ಅಷ್ಟಕ್ಕೂ ಏರದಿದ್ದರೆ ಕೇಬಲ್ ನೋಡಿ, ಇಲ್ಲವೇ ಡೀಸೆಲ್ ತೀರಾ ಕಮ್ಮಿ ಬರುತ್ತಿದೆ. ಆದರೆ ನ್ಯೂಟ್ರಲ್‌ನಲ್ಲಿ ಏರಿತು ಅಂತ ನಿರಾಳವಾಗಬೇಡಿ. ಲೋಡ್ ಇಲ್ಲದಾಗ ಇಂಜಿನ್ ಕುಡಿಯುವುದು ಅತ್ಯಲ್ಪ ಡೀಸೆಲ್. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಕೊಡುತ್ತದೆ.

ಎರಡನೆಯದು, ಗಟ್ಟಿ ಗೂಟಕ್ಕೆ ಕಟ್ಟಿ ಗೇರ್ ಹಾಕಿ ನೋಡುವುದು. ನಿಂತ ದೋಣಿಯಲ್ಲಿ ಪ್ರೊಪೆಲರ್‌ಗೆ ಭಾರ ಜಾಸ್ತಿ, ಆರ್‌ಪಿಎಂ ಯಾವತ್ತೂ ಕಮ್ಮಿಯೇ ತೋರಿಸುತ್ತದೆ. ಹಾಗಾಗಿ ಈ ಸಂಖ್ಯೆಯನ್ನು ಪ್ಲೇಟ್ ಜೊತೆ ಹೋಲಿಸಬೇಡಿ. ಪೈಪು, ಹೊಗೆ, ಶಾಫ್ಟ್ ನೋಡುವುದಕ್ಕೆ ಮಾತ್ರ ಈ ಪರೀಕ್ಷೆ, ಅದೂ ಒಂದೆರಡು ನಿಮಿಷ. ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ.

ಮೂರನೆಯದು ನಿಜವಾದ ಪರೀಕ್ಷೆ. ಆಳ ಇರುವ ಕಡೆ, ದಿನ ಕೂರುವಷ್ಟೇ ಜನರನ್ನು ಕೂರಿಸಿಕೊಂಡು, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಪೂರ್ತಿ ರೇಸ್‌ನಲ್ಲಿ ನೇರವಾಗಿ ಓಡಿಸಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಅಳೆಯಲಿ.

ಆರ್‌ಪಿಎಂ ಮೇಲೆ ಹೋಗುತ್ತಿಲ್ಲ, ಕಪ್ಪು ಹೊಗೆ ಬರುತ್ತಿದೆ ಎಂದರೆ ಡೀಸೆಲ್ ಸಾಕಷ್ಟು ಬರುತ್ತಿದೆ. ಒಂದೋ ಲೋಡ್ ಮಿತಿ ಮೀರಿದೆ, ಇಲ್ಲಾ ಗಾಳಿ ಸಾಲುತ್ತಿಲ್ಲ. ಆರ್‌ಪಿಎಂ ಏರುತ್ತಿಲ್ಲ, ಹೊಗೆಯೂ ಇಲ್ಲ ಎಂದರೆ ಇಂಜಿನ್ ಹಸಿದಿದೆ, ಡೀಸೆಲ್ ಲೈನ್ ಹಿಡಿಯಿರಿ. ಆರ್‌ಪಿಎಂ ಸರಿಯಾಗಿ ಏರಿದರೂ ದೋಣಿ ಓಡದಿದ್ದರೆ ಇಂಜಿನ್‌ನದು ತಪ್ಪೇ ಅಲ್ಲ. ಗೇರ್‌ಬಾಕ್ಸ್ ಜಾರುತ್ತಿದೆ ಅಥವಾ ಪ್ರೊಪೆಲರ್ ಹಾಳಾಗಿದೆ. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಗ್ಗಿದರೆ ಟ್ಯಾಂಕಿನ ಗಾಳಿ ಕಿಂಡಿ, ಫಿಲ್ಟರ್, ಬಿಸಿ, ಈ ಮೂರರ ಮೇಲೆ ಕಣ್ಣಿಡಿ.

ಅರ್ಧ ರೇಸ್‌ನಲ್ಲಿ ಏನೂ ತೊಂದರೆ ಕಾಣದೆ ಕೊನೆಯಲ್ಲಿ ಮಾತ್ರ ಯಾಕೆ ಕೈಕೊಡುತ್ತದೆ? ಪ್ರೊಪೆಲರ್ ಸುತ್ತು ಎರಡು ಪಟ್ಟಾದರೆ ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಅರ್ಧ ಸುತ್ತಿನಲ್ಲಿ ಇಂಜಿನ್ ತನ್ನ ಶಕ್ತಿಯ ಎಂಟನೇ ಒಂದು ಭಾಗ ಕೊಟ್ಟರೆ ಸಾಕು. ಆಗ ಎಂಥಾ ರೋಗವೂ ಮುಚ್ಚಿಹೋಗುತ್ತದೆ.

ನೀರಿನ ಕೆಳಗೆ

ನಮ್ಮ ಹಿನ್ನೀರುಗಳಲ್ಲಿ ಪ್ರೊಪೆಲರ್‌ಗೆ ಶತ್ರುಗಳು ಜಾಸ್ತಿ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಕೊರಡುಗಳು ಇಂದಿಗೂ ನಿಂತಿವೆ. ಕೆಆರ್‌ಎಸ್ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ, ಆಳ ಇದೆ ಅಂದುಕೊಂಡ ಕಡೆ ಕಲ್ಲು ತಗಲುತ್ತದೆ. ಇವುಗಳ ಜೊತೆಗೆ ಅಂತರಗಂಗೆ ಕಳೆ, ಹರಿದ ಬಲೆ, ತಂಗೂಸಿ. ಈ ತಂಗೂಸಿ ಬಲು ಮೋಸದ್ದು. ಪ್ರೊಪೆಲರ್ ಮತ್ತು ಶಾಫ್ಟ್ ಕೂರುವ ಬುಷ್ ನಡುವಿನ ಸಂದಿಯಲ್ಲಿ ಸುತ್ತಿಕೊಂಡು ಬಿಗಿಯಾಗುತ್ತದೆ, ಶಾಫ್ಟ್ ಬಿಸಿಗೆ ಕರಗಿ ಪ್ಲಾಸ್ಟಿಕ್ ಉಂಗುರವೇ ಆಗಿಬಿಡುತ್ತದೆ. ಮೇಲಿಂದ ನೋಡಿದರೆ ಪ್ರೊಪೆಲರ್ ಫಳಫಳ ಅನ್ನುತ್ತಿರುತ್ತದೆ.

ನೋಡುವುದಕ್ಕೆ ದೋಣಿಯನ್ನು ದಡಕ್ಕೆ ಎಳೆಯಿರಿ. ಸುಮ್ನೆ ಸೊಂಟದ ಮಟ್ಟದ ನೀರಿಗೆ ಇಳಿದು ಕೈ ಹಾಕುವ ಅಭ್ಯಾಸ ಬಿಡಿ. ಕಾವೇರಿಯ ರಂಗನತಿಟ್ಟಿನ ಭಾಗದಲ್ಲೂ ಕಬಿನಿಯಲ್ಲೂ ಮೊಸಳೆಗಳಿವೆ, ಕಲಕಿದ ನೀರಿನಲ್ಲಿ ಕಾಣುವುದಿಲ್ಲ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಬ್ಯಾಟರಿ ವೈರ್ ತೆಗೆದ ಮೇಲೆಯೇ ಪ್ರೊಪೆಲರ್ ಮುಟ್ಟಿ. ಹ್ಯಾಂಡಲ್ ಇಂಜಿನ್ ಆದರೆ ಡೀಕಂಪ್ರೆಷನ್ ಲಿವರ್ (ವಾಲ್ವ್ ತೆರೆದಿಟ್ಟು ಕಂಪ್ರೆಷನ್ ಬಿಡುವ ಲಿವರ್) ಎತ್ತಿ, ಡೀಸೆಲ್ ಕಾಕ್ ಮುಚ್ಚಿ.

ಬ್ಲೇಡ್‌ಗಳು ಒಂದೇ ಸಮ ಇವೆಯಾ ನೋಡಲು ಸುಲಭದ ದಾರಿ ಇದೆ. ದೋಣಿಯ ತಳಕ್ಕೆ ಒಂದು ಕಡ್ಡಿ ಒತ್ತಿ ಹಿಡಿದು, ಅದರ ತುದಿ ಒಂದು ಬ್ಲೇಡಿನ ಅಂಚಿಗೆ ತಾಗುವಂತೆ ಇಟ್ಟುಕೊಳ್ಳಿ. ಪ್ರೊಪೆಲರನ್ನು ಕೈಯಲ್ಲಿ ತಿರುಗಿಸಿ. ಉಳಿದ ಬ್ಲೇಡ್‌ಗಳೂ ಅದೇ ಜಾಗದಲ್ಲಿ ತಾಗಬೇಕು. ಒಂದು ದೂರ, ಒಂದು ಹತ್ತಿರ ಬಂದರೆ ಬಾಗಿದೆ. ನ್ಯೂಟ್ರಲ್‌ನಲ್ಲಿ ಶಾಫ್ಟ್ ಒಂದು ಕೈಯಲ್ಲಿ ತಿರುಗುವಷ್ಟು ಸಡಿಲ ಇರಬೇಕು. ಬಿಗಿ ಇದ್ದರೆ ಗ್ಲ್ಯಾಂಡ್ (ಶಾಫ್ಟ್ ಹೊರಗೆ ಹೋಗುವ ಕಡೆ ನೀರು ತಡೆಯುವ ಬಿಗಿ) ಜಾಸ್ತಿ ಟೈಟ್ ಮಾಡಿದ್ದಾರೆ, ಇಲ್ಲವೇ ಶಾಫ್ಟನ್ನು ಗೇರ್‌ಬಾಕ್ಸ್‌ಗೆ ಸೇರಿಸುವ ಕಪ್ಲಿಂಗ್ ನೇರ ತಪ್ಪಿದೆ. ಹಗ್ಗದ ಪ್ಯಾಕಿಂಗ್ ಇರುವ ಗ್ಲ್ಯಾಂಡ್‌ನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ನೀರು ಬೀಳಲೇಬೇಕು. "ಸೋರುತ್ತದೆ" ಅಂತ ಪೂರ್ತಿ ಬಿಗಿದರೆ ಇಂಜಿನ್‌ಗೆ ಬ್ರೇಕ್ ಹಾಕಿದ ಹಾಗೆ.

ತಳದ ಪಾಚಿ ಕೆರೆದು ತೆಗೆಯಿರಿ. ಆಮೇಲೆ ಕಾಲಡಿಯ ಹಲಗೆ ಎತ್ತಿ ನೋಡಿ. ಮಳೆಗಾಲದಲ್ಲಿ ಅಲ್ಲಿ ಮುನ್ನೂರು ಲೀಟರ್ ನೀರು ನಿಂತಿದ್ದರೆ ಮುನ್ನೂರು ಕೆಜಿ ಭಾರ, ಅಂದರೆ ನಾಲ್ಕೈದು ಜನ ಟಿಕೆಟ್ ಇಲ್ಲದೆ ಕೂತಿದ್ದಾರೆ.

ಆರ್‌ಪಿಎಂ ಏರಿ ದೋಣಿ ಓಡದ ಕೇಸ್‌ನಲ್ಲಿ ಗೇರ್ ಲಿವರ್ ನೋಡಿ. ಕೇಬಲ್ ಸಡಿಲಾಗಿ ಗೇರ್ ಪೂರ್ತಿ ಕೂರದಿದ್ದರೆ ಕ್ಲಚ್ ಜಾರುತ್ತದೆ. ಗೇರ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆ ಜಾರಾಟ ಇಂದು ನಿನ್ನೆಯದಲ್ಲ.

ಕರಾವಳಿಯಿಂದ ತಂದ ದೋಣಿ

ಹೊಸದಾಗಿ ಕೊಂಡ ದೋಣಿ ಮೊದಲ ದಿನದಿಂದಲೇ ಎಳೆಯುವುದಿಲ್ಲ ಅನ್ನುವವರು ಇದನ್ನು ಗಮನಿಸಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಕೆಆರ್‌ಎಸ್ 124.80 ಅಡಿ ತುಂಬಿ ನಿಂತಾಗ ಅದರ ನೀರು ಸಮುದ್ರಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿರುತ್ತದೆ, ಕಬಿನಿ ಸುಮಾರು 700 ಮೀಟರ್‌ನಲ್ಲಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ (ಗಾಳಿಯನ್ನು ಒತ್ತಿ ಒಳಗೆ ತುಂಬುವ ಭಾಗ) ಇಲ್ಲದ ಡೀಸೆಲ್ ಇಂಜಿನ್ ಪ್ರತಿ 100 ಮೀಟರಿಗೆ ಹೆಚ್ಚು ಕಮ್ಮಿ ಶೇಕಡ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ 20 ಎಚ್‌ಪಿ ಕೊಟ್ಟ ಇಂಜಿನ್ ಇಲ್ಲಿ ಹದಿನೆಂಟೂವರೆ ಕೊಟ್ಟರೆ ಅದು ಕಾಯಿಲೆ ಅಲ್ಲ.

ತೊಂದರೆ ಎಲ್ಲಿ ಅಂದರೆ, ಪ್ರೊಪೆಲರ್ ಅಲ್ಲಿನ ಲೆಕ್ಕಕ್ಕೆ ಹಾಕಿದ್ದು. ಇಲ್ಲಿ ಅದು ಸ್ವಲ್ಪ ಭಾರವಾಗುತ್ತದೆ, ಪ್ಲೇಟ್‌ನ ಆರ್‌ಪಿಎಂ ಮುಟ್ಟಲು ಬಿಡುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಮೆಕ್ಯಾನಿಕ್ ಪಂಪ್‌ನಲ್ಲಿ ಡೀಸೆಲ್ ಜಾಸ್ತಿ ಮಾಡಿದರೆ ಹೊಗೆ ಇನ್ನೂ ದಟ್ಟವಾಗುತ್ತದೆ, ಎಕ್ಸಾಸ್ಟ್ ಕಾಯುತ್ತದೆ, ವೇಗ ಬರುವುದಿಲ್ಲ. ಮದ್ದು ಪ್ರೊಪೆಲರ್‌ನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ, ಕಮ್ಮಿ ಮಾಡುವುದು. ಪಿಚ್ ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ಕೊರತೆ ಎಷ್ಟಿದೆ ಅಂತ ಮೊದಲೇ ಅಳೆದಿದ್ದರೆ ಪ್ರೊಪೆಲರ್ ಅಂಗಡಿಯವರಿಗೆ ಸರಿಯಾಗಿ ಹೇಳಬಹುದು.

ಕೇಬಲ್

ಎರಡು ನಿಮಿಷದ ಕೆಲಸ, ಆದರೂ ಬಹಳ ಜನ ನೋಡುವುದಿಲ್ಲ. ಒಬ್ಬರು ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿ ಹಿಡಿಯಲಿ. ನೀವು ಇಂಜಿನ್ ಹತ್ತಿರ ಕೂತು ಪಂಪ್ ಮೇಲಿನ ರೇಸ್ ತೋಳು ಅದರ ಸ್ಟಾಪ್ ಸ್ಕ್ರೂಗೆ ಮುಟ್ಟಿದೆಯಾ ನೋಡಿ. ಬೆರಳಿನಿಂದ ತಳ್ಳಿದರೆ ಇನ್ನೂ ಮುಂದೆ ಹೋಗುತ್ತದೆ ಅಂದರೆ ಅಲ್ಲೇ ಸಿಕ್ಕಿತು. ಇಂಜಿನ್ ನಿಲ್ಲಿಸುವ ಸ್ಟಾಪ್ ತೋಳೂ ಪೂರ್ತಿ ವಾಪಸ್ ಬಂದಿರಬೇಕು. ತುಕ್ಕು ಹಿಡಿದ ಕೇಬಲ್ ಅದನ್ನು ಅರ್ಧಕ್ಕೆ ಹಿಡಿದಿಟ್ಟರೆ ಡೀಸೆಲ್ ಕಟ್ ಆಗುತ್ತಲೇ ಇರುತ್ತದೆ. ಸೀಲ್ ಮಾಡಿದ ಸ್ಟಾಪ್ ಸ್ಕ್ರೂ ಮಾತ್ರ ತಿರುಗಿಸಬೇಡಿ.

ಡೀಸೆಲ್ ಲೈನ್: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಮೊದಲು ಟ್ಯಾಂಕಿನ ಮುಚ್ಚಳ. ಶಕ್ತಿ ಕುಗ್ಗಿದ ಹೊತ್ತಿನಲ್ಲೇ ಮುಚ್ಚಳ ಸಡಿಲಿಸಿ. ಉಸ್ಸ್ ಅಂತ ಗಾಳಿ ಒಳಗೆ ನುಗ್ಗಿ ಇಂಜಿನ್ ಚೇತರಿಸಿಕೊಂಡರೆ ಟ್ಯಾಂಕಿನ ಗಾಳಿ ಕಿಂಡಿ ಮುಚ್ಚಿದೆ. ಕಣಜ ಮಣ್ಣು ತುಂಬಿ ಗೂಡು ಕಟ್ಟುವುದಕ್ಕೆ ಆ ಕಿಂಡಿ ಹೇಳಿ ಮಾಡಿಸಿದ ಜಾಗ. ತಂತಿ ಹಾಕಿ ಬಿಡಿಸಿ.

ಆಮೇಲೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು, ಡೀಸೆಲ್ ಸೇರುವ ಗೆರೆಯಲ್ಲಿ ಕಪ್ಪಗೆ ಲೋಳೆ ಕಂಡರೆ ಅದು ಬರೀ ಕಸ ಅಲ್ಲ, ಸೂಕ್ಷ್ಮಜೀವಿಗಳು ಬೆಳೆದಿವೆ. ಎಷ್ಟು ಫಿಲ್ಟರ್ ಬದಲಿಸಿದರೂ ವಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಖಾಲಿ ಮಾಡಿ ಒಳಗೆ ಉಜ್ಜಿ ತೊಳೆಯಬೇಕು. ನಮ್ಮಲ್ಲಿ ಬಂಕಿನಿಂದ ಕ್ಯಾನ್‌ನಲ್ಲಿ ತಂದು ಶೆಡ್‌ನಲ್ಲಿ ಇಡುತ್ತೇವಲ್ಲ, ನೀರು ಸೇರುವುದು ಅಲ್ಲೇ. ಕ್ಯಾನ್ ಒಂದು ರಾತ್ರಿ ಕದಲದೆ ನಿಂತಿರಲಿ, ಸುರಿಯುವಾಗ ತಳದ ಒಂದಿಂಚು ಬಿಟ್ಟುಬಿಡಿ. ಸಂಜೆ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ತಂಪಿಗೆ ಒಳಗೆ ನೀರು ಬೆವರುವುದೂ ಕಮ್ಮಿ.

ಈಗ ಕ್ಯಾನ್ ಪರೀಕ್ಷೆ. ಈ ಇಡೀ ಬರಹದಲ್ಲಿ ಒಂದೇ ಒಂದು ಪರೀಕ್ಷೆ ಮಾಡುವುದಾದರೆ ಇದನ್ನು ಮಾಡಿ. ಐದು ಲೀಟರ್ ಕ್ಯಾನ್‌ಗೆ ಸೋಸಿದ ಹೊಸ ಡೀಸೆಲ್ ಹಾಕಿ, ಇಂಜಿನ್‌ಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಬಿಸಿ ಸೈಲೆನ್ಸರ್ ಮೇಲೆ ಉರುಳುವ ಹಾಗಿರಬಾರದು. ಪಾರದರ್ಶಕ ಪೈಪನ್ನು ಕ್ಯಾನ್‌ನಿಂದ ನೇರವಾಗಿ ಫೀಡ್ ಪಂಪ್‌ಗೆ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಚಿಕ್ಕ ಪಂಪ್) ಕೊಡಿ. ರಿಟರ್ನ್ ಪೈಪನ್ನೂ ಅದೇ ಕ್ಯಾನ್‌ಗೆ ಬಿಡಿ. ಏರ್ ತೆಗೆದು ದೋಣಿ ಓಡಿಸಿ. ಮೊದಲಿನ ಶಕ್ತಿ ಬಂತಾ? ಹಾಗಾದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ದಾರಿಯಲ್ಲಿದೆ: ಟ್ಯಾಂಕಿನೊಳಗಿನ ಜರಡಿ, ಕಾಕ್, ಮೊದಲ ಫಿಲ್ಟರ್, ಪೈಪು. ಬರಲಿಲ್ಲವಾ? ಆ ಭಾಗಕ್ಕೆ ಕೈ ಮುಗಿದು ಮುಂದೆ ಹೋಗಿ.

ಪೈಪಿನಲ್ಲಿ ಗುಳ್ಳೆಗಳು ಓಡುವುದನ್ನು ನೋಡಬೇಕೆಂದರೆ, ಅದೇ ಪಾರದರ್ಶಕ ಪೈಪನ್ನು ಮೊದಲ ಫಿಲ್ಟರ್ ಮತ್ತು ಫೀಡ್ ಪಂಪ್ ನಡುವೆ ಹಾಕಿ. ಒಂದು ವಿಷಯ ನೆನಪಿರಲಿ. ಫೀಡ್ ಪಂಪ್ ಎಳೆಯುವ ಕಡೆ ಪೈಪು ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿದೆ ಅಂದಮಾತ್ರಕ್ಕೆ ಜಾಯಿಂಟ್ ಸರಿಯಿದೆ ಎಂದಲ್ಲ. ಹಳೇ ಕಾಪರ್ ವಾಷರ್ ಮತ್ತೆ ಮತ್ತೆ ಹಾಕುವುದು ಇದಕ್ಕೆ ಸಾಮಾನ್ಯ ಕಾರಣ. ಕೆಲವೇ ರೂಪಾಯಿಯ ವಾಷರ್, ಹೊಸದನ್ನೇ ಹಾಕಿ.

ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯುವ ಕ್ರಮ ಟ್ಯಾಂಕಿನಿಂದ ಇಂಜಿನ್ ಕಡೆಗೆ. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪ್‌ನ ಕೈ ಲಿವರ್ ಒತ್ತುತ್ತಾ ಹೋಗಿ. ನೊರೆ ನೊರೆಯಾಗಿ ಬರುವುದು ನಿಂತು ಬರೀ ಡೀಸೆಲ್ ಬಂದಾಗ, ಲಿವರ್ ಒತ್ತಿದಂತೆಯೇ ಬಿಗಿಯಿರಿ. ಆಮೇಲೆ ನಾಜಲ್‌ಗೆ ಡೀಸೆಲ್ ಕಳಿಸುವ ಪಂಪ್ ಮೇಲಿನ ಸ್ಕ್ರೂ. ಕೈ ಲಿವರ್ ಸುಮ್ನೆ ಲೊಳಲೊಳ ಅಂದರೆ ಫೀಡ್ ಪಂಪ್ ಹಾಳಾಗಿದೆ ಅಂತ ಎಸೆಯಬೇಡಿ. ಒಳಗಿನ ಕ್ಯಾಮ್ ಎತ್ತಿ ಹಿಡಿದಿರುತ್ತದೆ. ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

ಆಯಿಲ್ ಡಿಪ್‌ಸ್ಟಿಕ್ ಕೂಡ ನೋಡಿ. ಹಾಕದೆಯೇ ಆಯಿಲ್ ಮಟ್ಟ ಏರಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಫೀಡ್ ಪಂಪ್ ಡಯಾಫ್ರಂ ಹರಿದಿರಬಹುದು. ಆ ಆಯಿಲ್‌ನಲ್ಲಿ ಇಂಜಿನ್ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಗಾಳಿ ಒಳಗೆ, ಹೊಗೆ ಹೊರಗೆ

ಸದ್ದು ಕಮ್ಮಿ ಆಗಲಿ ಅಂತ ಇಂಜಿನ್ ಪೆಟ್ಟಿಗೆಗೆ ಸ್ಪಂಜು, ಟಾರ್ಪಾಲು ಬಿಗಿಯುವುದು ಎಲ್ಲ ಕಡೆ ಇದೆ. ಪೂರ್ತಿ ರೇಸ್‌ನಲ್ಲಿ ಓಡುವಾಗ ಪೆಟ್ಟಿಗೆಯ ಮುಚ್ಚಳ ತೆಗೆಸಿ. ತಿರುಗುವ ಬೆಲ್ಟ್ ಹತ್ತಿರ ಪಂಚೆ, ದುಪಟ್ಟಾ ಬರದಂತೆ ನೋಡಿಕೊಳ್ಳಿ. ಆರ್‌ಪಿಎಂ ಏರಿ ಹೊಗೆ ತಿಳಿಯಾದರೆ ಪೆಟ್ಟಿಗೆಗೆ ಕಿಂಡಿ ಕೊರೆಯಿಸಿ. ಏರ್ ಫಿಲ್ಟರ್ ಪೇಪರಿನದಾದರೆ ಬದಲಿಸಿ. ಪಂಪ್‌ಸೆಟ್ ಮಾದರಿಯ ಆಯಿಲ್ ಬಾತ್ ಫಿಲ್ಟರ್ ಆದರೆ ಗೆರೆಗಿಂತ ಮೇಲೆ ಆಯಿಲ್ ಹಾಕಬೇಡಿ, ಅದೂ ಗಾಳಿ ಕಟ್ಟುತ್ತದೆ. ಟರ್ಬೊ ಇದ್ದರೆ ರಬ್ಬರ್ ಪೈಪಿನ ಕ್ಲಿಪ್‌ಗಳನ್ನು ಕೈಯಿಂದ ಎಳೆದು ನೋಡಿ.

ಸೈಲೆನ್ಸರ್ ಕಟ್ಟಿಕೊಳ್ಳುವುದು ಪ್ರವಾಸಿ ದೋಣಿಗಳ ದೊಡ್ಡ ಕಾಯಿಲೆ. ಹಕ್ಕಿ ತೋರಿಸಲು, ಆನೆ ತೋರಿಸಲು ಗಂಟೆಗಟ್ಟಲೆ ಐಡಲ್‌ನಲ್ಲೇ ತೆವಳುತ್ತವೆ. ಹಾಗೆ ತಣ್ಣಗೆ ಓಡಿದ ಡೀಸೆಲ್ ಇಂಜಿನ್ ಪೂರ್ತಿ ಉರಿಸುವುದಿಲ್ಲ. ಮಸಿ ಎಕ್ಸಾಸ್ಟ್ ಬೆಂಡಿನಲ್ಲಿ ಪದರ ಪದರವಾಗಿ ಕೂರುತ್ತದೆ. ಬೆಂಡ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಎರಡು ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಮಾತ್ರ ಹೋದರೆ ಉತ್ತರ ಸಿಕ್ಕಿತು. ನೀರು ಬೆರೆಸುವ ಎಕ್ಸಾಸ್ಟ್ ಆದರೆ ರಬ್ಬರ್ ಹೋಸ್‌ನ ಒಳಪದರ ಕಿತ್ತು ಮಡಚಿಕೊಂಡಿದೆಯಾ ಅಂತಲೂ ನೋಡಿ, ಹೊರಗಿನಿಂದ ಗೊತ್ತಾಗುವುದಿಲ್ಲ.

ಬಿಸಿಯ ವಿಷಯ ಚಿಕ್ಕದು. ನೀರೆಳೆಯುವ ಜರಡಿಯಲ್ಲಿ ಕಳೆಯ ಬೇರು ತೆಗೆಯಿರಿ, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಗಳ ಚಕ್ರ) ನೋಡಿ. ರೆಕ್ಕೆ ಮುರಿದಿದ್ದರೆ ತುಂಡು ಎಲ್ಲಿ ಹೋಯಿತು ಅಂತ ಹುಡುಕಲೇಬೇಕು. ಇಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಕೂತಿರುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ

ಈಗ ಮೆಕ್ಯಾನಿಕ್‌ನ ಕೈಗೆ ಕೊಡುವ ಹೊತ್ತು. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದಿ), ಇಂಜಿನ್ ಪುಸ್ತಕದಲ್ಲಿ ಇರುವಂತೆ. ಗ್ಯಾಪ್ ತೀರಾ ಕಮ್ಮಿ ಇದ್ದರೆ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಒಂದೇ ಸಿಲಿಂಡರ್ ಇಂಜಿನ್‌ನ ಕಂಪ್ರೆಷನ್ ಕೈಗೇ ಗೊತ್ತಾಗುತ್ತದೆ. ಡೀಸೆಲ್ ಕಟ್ ಮಾಡಿ, ಡೀಕಂಪ್ರೆಷನ್ ಲಿವರ್ ಎತ್ತದೆ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದರೆ ಒಂದು ಕಡೆ ಗಟ್ಟಿಯಾಗಿ ಎದುರು ಒತ್ತಬೇಕು. ಮೆತ್ತಗೆ ದಾಟಿಹೋದರೆ ವಾಲ್ವ್ ಅಥವಾ ರಿಂಗ್. ನೀಲಿ ಹೊಗೆ, ಬ್ರೀದರ್‌ನಿಂದ (ಇಂಜಿನ್ ಉಸಿರು ಬಿಡುವ ಕಿಂಡಿ) ಬುಸುಬುಸು ಗಾಳಿ ಇದ್ದರೆ ರಿಂಗ್, ಲೈನರ್ ಕಡೆ ಬೆರಳು ಮಾಡಿ.

ಮೂರು ನಾಲ್ಕು ಸಿಲಿಂಡರ್ ಇರುವ ಹಳೇ ಮಾದರಿ ಇಂಜಿನ್‌ನಲ್ಲಿ ಐಡಲ್‌ನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡುವುದುಂಟು. ಸಡಿಲಿಸಿದಾಗ ಇಂಜಿನ್ ಕುಂಟದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಇಲ್ಲಿ ಹುಷಾರು. ನಾಜಲ್‌ಗೆ ಹೋಗುವ ಡೀಸೆಲ್‌ನ ಒತ್ತಡ ಸುಮಾರು 200 ಬಾರ್, ಇನ್ನೂ ಜಾಸ್ತಿಯೂ ಇರಬಹುದು. ಆ ಹನಿ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಡೀಸೆಲ್ ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳಬೇಕು. ಕನ್ನಡಕ, ಕೈಗವಸು ಹಾಕಿ, ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ. ಕಾಮನ್ ರೈಲ್ ಇಂಜಿನ್‌ನಲ್ಲಿ (ಎಲ್ಲ ನಾಜಲ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಹೊಸ ಮಾದರಿ) ಈ ಕೆಲಸ ಮಾಡಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ.

ನಾಜಲ್ ಬಿಚ್ಚಿದರೆ ಟೆಸ್ಟಿಂಗ್ ಅಂಗಡಿಯಲ್ಲಿ ನಿಮ್ಮೆದುರೇ ಒತ್ತಿಸಿ ನೋಡಿ. ಮಂಜಿನಂತೆ ಸಿಡಿಯಬೇಕು, ತುದಿಯಲ್ಲಿ ಹನಿ ಜಿನುಗಬಾರದು. ಪಂಪ್ ಬಿಚ್ಚುವುದೇ ಆದರೆ ಗುರುತುಗಳ ಫೋಟೊ ತೆಗೆದುಕೊಳ್ಳಿ. ಒಂಟಿ ಸಿಲಿಂಡರ್ ಇಂಜಿನ್‌ಗಳಲ್ಲಿ ಪಂಪಿನ ಕೆಳಗೆ ತೆಳ್ಳನೆಯ ತಗಡುಗಳು, ಅಂದರೆ ಶಿಮ್‌ಗಳಿರುತ್ತವೆ. ಡೀಸೆಲ್ ಚಿಮ್ಮುವ ಟೈಮಿಂಗ್ ನಿಂತಿರುವುದೇ ಅವುಗಳ ದಪ್ಪದ ಮೇಲೆ. ಎಣಿಸಿ ಒಂದು ಕವರ್‌ಗೆ ಹಾಕಿ ಕೈಯಲ್ಲೇ ಇಟ್ಟುಕೊಳ್ಳಿ. ಒಂದು ಶಿಮ್ ಬನಿಯನ್ ವೇಸ್ಟ್ ಜೊತೆ ಕಸಕ್ಕೆ ಹೋದರೆ, ಹೊಸ ಪಂಪ್ ಹಾಕಿದರೂ ಇಂಜಿನ್ ಎಳೆಯುವುದಿಲ್ಲ. ವಾಪಸ್ ಕೂರಿಸಿದ ಮೇಲೆ ಅದೇ ಆಳದಲ್ಲಿ, ಅಷ್ಟೇ ಜನರೊಂದಿಗೆ, ಪೂರ್ತಿ ರೇಸ್‌ನಲ್ಲಿ ಮತ್ತೆ ಅಳೆಯಿರಿ. ಬಂದ ಆರ್‌ಪಿಎಂ, ಎಷ್ಟು ಜನ ಇದ್ದರು, ಟ್ಯಾಂಕ್ ಎಷ್ಟಿತ್ತು, ಇಷ್ಟನ್ನು ಇಂಜಿನ್ ಪೆಟ್ಟಿಗೆಯ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಡಿ.